ಬೂದುಗುಂಬಳದ ಜ್ಯೂಸು

ನಂಜುಂಡನಿಗೆ ತಟ್ಟೆ ಕಂಡರೆ ಸಾಕು, ಎದೆ ಡವಗುಟ್ಟುತ್ತಿತ್ತು. ಅಕ್ಕಿಗೆ ಪಾಲಿಶ್, ಬೆಲ್ಲಕ್ಕೆ ಕೆಮಿಕಲ್, ಬದನೆಕಾಯಿಗೆ ಔಷಧಿ; ಅವನ ಪಾಲಿಗೆ ಎಲ್ಲವೂ ವಿಷವೇ. ಕೊನೆಗೆ ಯಾವುದೋ ವಿಡಿಯೋ ನೋಡಿ, ಒಳಗೆ ಸೇರಿದ್ದೆಲ್ಲ ತೊಳೆದುಹೋಗಲಿ ಎಂದು ಊಟವನ್ನೇ ಬಿಟ್ಟು ಬರೀ ಜ್ಯೂಸಿಗೆ ಇಳಿದ. ಬಿಸಿ ಅಕ್ಕಿರೊಟ್ಟಿ ಹಿಡಿದು ಹಿಂದೆ ಹಿಂದೆಯೇ ಸುತ್ತುತ್ತಿದ್ದ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಮನೆಯಲ್ಲಿ ಒಂದು ಸೌತೆಕಾಯಿಯೂ ಇರಲಿಲ್ಲ. ತಡಕಾಡಿದವನಿಗೆ ಹಿತ್ತಿಲ ಬಾಗಿಲ ಹಿಂದೆ ದುಂಡನೆಯ ಬೂದುಗುಂಬಳ ಸಿಕ್ಕಿತು. ಔಷಧಿ ಹೊಡೆದಿದ್ದಾರೋ ಏನೋ ಎಂದು ಅದನ್ನು ಉಪ್ಪುನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದು, ಮಿಕ್ಸಿಗೆ ಹಾಕಿ, ಒಂದು ಹನಿಯೂ ಬಿಡದೆ ಕುಡಿದ.

"ಅಮ್ಮಾ, ಮೈಯೆಲ್ಲ ಹೂವಿನ ಹಾಗಾಗಿದೆ ನೋಡು! ಒಳಗಿದ್ದ ಕೆಟ್ಟದ್ದೆಲ್ಲ ಹೊರಗೆ ಹೋಯ್ತು."

ತಾಯಿ ಹಿತ್ತಿಲ ಬಾಗಿಲ ಹಿಂದೆ ಏನನ್ನೋ ಹುಡುಕುತ್ತಿದ್ದರು. "ಇಲ್ಲಿಟ್ಟಿದ್ದ ಬೂದುಗುಂಬಳ ಎಲ್ಲೋ?"

"ಅದರದ್ದೇ ಜ್ಯೂಸು ಕುಡಿದಿದ್ದು. ಯಾಕೆ, ಹುಳಿಗೆ ಬೇಕಿತ್ತಾ?"

"ಅಯ್ಯೋ, ನನ್ನ ಮಗನಿಗೆ ಊಟಾನೇ ಸೇರ್ತಿಲ್ಲವಲ್ಲ ಅಂತ, ನಿನ್ನೆ ನೀನು ತೂಕಡಿಸ್ತಾ ಕೂತಿದ್ದಾಗ ಅದನ್ನೇ ನಿನ್ನ ತಲೆ ಸುತ್ತ ನೀವಾಳಿಸಿ, ಇವತ್ತು ಬೀದೀಲಿ ಒಡೆಯೋಣ ಅಂತ, ನಿನಗೆ ತಾಗಿದ್ದ ಕೆಟ್ಟ ದೃಷ್ಟಿಯನ್ನೆಲ್ಲ ಅದರೊಳಗೇ ಇಳಿಸಿ ಇಟ್ಟಿದ್ನಲ್ಲೋ!"