ಕಾವೇರಿಯ ಹೆಸರು

ಎಲ್ಲಾದರೂ ಹೊಸ ಬಣ್ಣದ ವಾಸನೆ ಬಂದರೆ ನನಗೆ ಈಗಲೂ ಸಿದ್ದಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ. ಕರನಿರಾಕರಣೆಯಲ್ಲಿ ಹೋರಾಡಿದ ಹೆಂಗಸರ ಸ್ಮಾರಕದ ಉದ್ಘಾಟನೆಗೆ ಅಮ್ಮಮ್ಮನ ಜೊತೆ ಹೋಗಿದ್ದೆ. ಅತಿಥಿಗಳು ತಡವಾಗಿ ಬಂದರು, ಭಾಷಣಗಳು ಮುಗಿಯಲೇ ಇಲ್ಲ. ಬಿಸಿಲಿಗೆ ಕಾದ ಕಬ್ಬಿಣದ ಕುರ್ಚಿಯಲ್ಲಿ ಅಮ್ಮಮ್ಮ ತೂಕಡಿಸುತ್ತಿದ್ದಳು.

ಪರದೆ ಸರಿಸಿದ ಮೇಲೆ ಅವಳು ನನ್ನ ಹೆಗಲು ಹಿಡಿದು ಕಲ್ಲಿನ ಹತ್ತಿರ ಬಂದಳು. ಕೆತ್ತಿದ ಅಕ್ಷರಗಳಿಗೆ ತುಂಬಿದ ಬಿಳಿ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು.

"ಯಂಗೆ ಕಾಣ್ತಿಲ್ಲೆ. ಓದು ಕೂಸೆ," ಎಂದಳು.

ಎಲ್ಲ ಹೆಸರುಗಳನ್ನೂ ಓದಿದೆ. ಅವಳದೂ ಇತ್ತು.

"ಕಾವೇರಿದು?"

"ಇಲ್ಲೆ ಅಮ್ಮಮ್ಮ. ಅದು ಯಾರು?"

"ಸರಕಾರ ಜಪ್ತಿ ಮಾಡಿದ ಯಂಗಳ ಗದ್ದೆನ ಹರಾಜಲ್ಲಿ ಹಿಡಿದವನ ಸೊಸೆ. ಗದ್ದೆ ವಾಪಸ್ ಕೊಡು ಹೇಳಿ ಯಂಗ ಅವನ ಜಗಲಿ ಮೇಲೆ ಉಪವಾಸ ಕೂತಿದ್ಯ. ಒಳಗೆ ಕಾವೇರಿನೂ ಯಂಗಳ ಜೊತೆಗೆ ಅನ್ನ ಬಿಡ್ತು. ಯಂಗಕ್ಕೆ ಗದ್ದೆ ಬಂತು. ಮಾವ ಅದನ್ನ ತವರಿಗೆ ಅಟ್ಟಿದ, ಮತ್ತೆ ಕರೆಸಿದ್ನೇ ಇಲ್ಲೆ."

ಪಕ್ಕದಲ್ಲಿದ್ದ ಸಮಿತಿಯವರೊಬ್ಬರು ಇದನ್ನು ಕೇಳಿ ನಕ್ಕರು. "ಅವರು ಎದುರು ಪಕ್ಷದವರ ಮನೆಯ ಸೊಸೆ ಅಲ್ವಾ ಅಮ್ಮ? ಸತ್ಯಾಗ್ರಹಿ ಅಂತ ಹ್ಯಾಗೆ ಬರೆಯೋದು?"

ಅಮ್ಮಮ್ಮ ಮತ್ತೆ ಕಲ್ಲಿನ ಕಡೆ ತಿರುಗಿದಳು. ಅಷ್ಟರಲ್ಲಿ ಫೋಟೋದವನು ಬಂದು, ಅವಳ ಹೆಸರಿನ ಮೇಲೆ ಬೆರಳಿಟ್ಟು ನಿಲ್ಲಲು ಹೇಳಿದ. ಅವಳು ಕಲ್ಲನ್ನು ತಡವುತ್ತ, ಕೊನೆಯ ಹೆಸರನ್ನೂ ದಾಟಿ, ಕೆಳಗೆ ಏನೂ ಬರೆಯದ ಜಾಗದಲ್ಲಿ ಅಂಗೈ ಊರಿದಳು.

"ಅಲ್ಲಲ್ಲ ಅಮ್ಮ, ಮೇಲೆ, ಇನ್ನೂ ಮೇಲೆ," ಎಂದ ಅವನು.

ಅವಳು ಕೈ ತೆಗೆಯಲಿಲ್ಲ.

"ಇಲ್ಲೇ ತೆಗಿ ತಮಾ. ನಿಂತು ನಿಂತು ಸಾಕಾತು."