ಬರ್ತೀವಿ

ವಾರಿಜಾ ಮಿಸ್ ತಮ್ಮ ಆಯುಷ್ಯದಲ್ಲಿ ಯಾರ ಮನೆಯಿಂದ ಹೊರಡುವಾಗಲೂ "ಹೋಗ್ತೀನಿ" ಎಂದವರಲ್ಲ. ಏಳನೇ ಕ್ಲಾಸಿನ ಇಪ್ಪತ್ತಾರು ಮಕ್ಕಳನ್ನು ವಿಯೆಟ್ನಾಮ್ ಪ್ರವಾಸಕ್ಕೆ ಕರೆತಂದಾಗಲೂ ಆ ಪಾಠ ಬಿಡಲಿಲ್ಲ.

"ಹೋಗ್ತೀವಿ ಅನ್ನೋದು ಅಪಶಕುನ ಕಣ್ರೋ. ಬರ್ತೀವಿ ಅನ್ಬೇಕು. ಇಲ್ಲಿಯವರ ಭಾಷೇಲೇ ಕಲ್ತ್ಕೊಂಡು ಹೇಳಿ."

ಅಲ್ಲಿನ ಗೈಡ್ ಆ ಮಾತನ್ನು ಹೇಳಿಕೊಟ್ಟಳು. ಮಕ್ಕಳಿಗೆ ಅದೇ ಹುಚ್ಚು ಹಿಡಿಯಿತು. ದೋಣಿಯವನಿಗೆ, ಟೋಪಿ ಮಾರುವವಳಿಗೆ, ಮ್ಯೂಸಿಯಮ್ಮಿನ ಕಾವಲುಗಾರನಿಗೆ, ಗದ್ದೆಯಲ್ಲಿ ಮೇಯುತ್ತಿದ್ದ ಎಮ್ಮೆಗೂ "ಬರ್ತೀವಿ" ಎಂದರು. ಕೊನೆಯ ದಿನ ಮಧ್ಯಾಹ್ನ ಊಟ ಬಡಿಸಿದ ಹೋಟೆಲಿನ ಅಜ್ಜಿಗಂತೂ ಎಲ್ಲರೂ ಒಟ್ಟಿಗೆ ಕೂಗಿ ಹೇಳಿದರು. ಅಜ್ಜಿ ಬಾಯ್ತುಂಬ ನಕ್ಕು ತಲೆಯಾಡಿಸಿದಳು. ಮಿಸ್ಸಿಗೆ ಹೆಮ್ಮೆಯೋ ಹೆಮ್ಮೆ.

ಸಂಜೆ ಏರ್‌ಪೋರ್ಟಿಗೆ ಹೊರಟ ಬಸ್ಸಿಗೆ ಸ್ಕೂಟರೊಂದು ಅಡ್ಡ ಬಂದು ನಿಂತಿತು. ಇಳಿದವಳು ಅದೇ ಅಜ್ಜಿ. ಹಿಂದಿನ ಸೀಟಿಗೆ ಕಟ್ಟಿದ್ದ ಕೊಳಗದಿಂದ ಹಬೆ ಏಳುತ್ತಿತ್ತು.

"ಏನಂತೆ?" ಮಿಸ್ ಗೈಡನ್ನು ಕೇಳಿದರು.

"ನೀವೆಲ್ಲ ಬರ್ತೀವಿ ಅಂದ್ರಂತೆ. ಇಪ್ಪತ್ತೇಳು ಜನಕ್ಕೆ ಅಡುಗೆ ಮಾಡಿ ಕಾದ್ರಂತೆ. ನೀವು ಬರ್ಲಿಲ್ಲ, ಅದಕ್ಕೆ ತಾವೇ ಬಂದ್ರಂತೆ."

ಹತ್ತೇ ನಿಮಿಷದಲ್ಲಿ ಕೊಳಗ ಬರಿದಾಯಿತು. ಬಸ್ಸು ಹೊರಟಾಗ ಮಕ್ಕಳು ಕಿಟಕಿಗಳಿಂದ ಕತ್ತು ಚಾಚಿ, ರೂಢಿಯಂತೆ ಬಾಯಿ ತೆರೆದರು. ಮಿಸ್ ಗಾಬರಿಯಿಂದ ಕೈ ಎತ್ತಿ ತಡೆದರು.

"ಮಿಸ್, ನಾವು ಎಮ್ಮೆಗೂ ಹೇಳಿದ್ವಿ," ಎಂದಿತು ಹಿಂದಿನ ಸೀಟಿನಿಂದ ಒಂದು ದನಿ.

ಮಿಸ್ ಗೈಡಿನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ಹೋಗ್ತೀವಿ ಅನ್ನೋಕೆ ನಿಮ್ಮಲ್ಲಿ ಏನಂತಾರಮ್ಮ?"