ಹೊಸ್ತಿಲಲ್ಲೇ ನಿಂತ ಮದುಮಗಳು

ಗಂಧದ ಚಕ್ಕೆಯ ಹಾರದ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ತೊಂಬತ್ತರ ದಶಕ. ನಾನಿನ್ನೂ ಎರಡನೇ ಕ್ಲಾಸು. ನಾಗಮಂಗಲದಲ್ಲಿ ಹೆಣ್ಣುಮಕ್ಕಳನ್ನು ಗೌರವಿಸಲೆಂದು ಹಾಡು, ಕವಿತೆಗಳ ಒಂದು ಸಂಜೆ ಇಟ್ಟುಕೊಂಡಿದ್ದರು. ಮದುವೆಮನೆಯ ಸೋಬಾನೆ ಪದ ಹಾಡಲು ನಮ್ಮೂರಿಂದ ಅಮ್ಮನನ್ನೂ ಪಕ್ಕದ ಮನೆಯ ಗೌರಕ್ಕನನ್ನೂ ಕರೆಸಿದ್ದರು. ಅಮ್ಮ ಪೆಟ್ಟಿಗೆಯಿಂದ ತೆಗೆದು ಉಟ್ಟಿದ್ದ ಧಾರೆ ಸೀರೆ ನುಸಿಗುಳಿಗೆ ವಾಸನೆ ಹೊಡೆಯುತ್ತಿತ್ತು. ಕವಿಗಳು ಒಬ್ಬರಾದ ಮೇಲೊಬ್ಬರು ಬಂದು ಹೆಣ್ಣನ್ನು ಭೂಮಿ ಅಂದರು, ನದಿ ಅಂದರು. ಅಮ್ಮನ ಸರದಿ ಬರುವಷ್ಟರಲ್ಲಿ ನನಗೆ ತೂಕಡಿಕೆ.

ಹಾಡಿನಲ್ಲಿ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದು ನಿಂತಿದ್ದಳು. ಆಗ ಮುಖ್ಯ ಅತಿಥಿ ತಡವಾಗಿ ಬಂದು, ಗಂಧದ ಹಾರ ಹಾಕಿಸಿಕೊಂಡು ಕುಳಿತರು. ಕಾರ್ಯಕ್ರಮ ನಡೆಸುತ್ತಿದ್ದವನು ಅಮ್ಮನ ಮುಂದಿದ್ದ ಮೈಕನ್ನೇ ಎತ್ತಿಕೊಂಡ.

"ಸಾಕು ಬುಡಿ ತಾಯಿ, ಸಾಹೇಬ್ರು ಮಾತಾಡ್ಬೇಕು."

"ಆರತಿ ಆಗ್ದೆ ಸೋಬಾನೆ ನಿಲ್ಲಿಸ್ಬಾರ್ದು ಕಣಪ್ಪ. ಇನ್ನೊಂದೀಟೇ ಐತೆ," ಅಂದಳು ಅಮ್ಮ. ಅವನು ಆಗಲೇ ಬೆನ್ನು ತಿರುಗಿಸಿದ್ದ.

ಹೆಣ್ಣಿನ ದನಿ ಅಡಗಬಾರದು ಎಂದು ಸಾಹೇಬರು ನಮ್ಮೂರ ಬಸ್ಸಿನ ಹೊತ್ತಾಗುವವರೆಗೂ ಮಾತಾಡಿದರು.

ಬಸ್ಸು ಹೊರಟ ಮೇಲೆ ಗೌರಕ್ಕ ಮೆಲ್ಲಗೆ, "ಮದುಮಗ್ಳು ಒಸ್ಲಾಗೇ ನಿಂತವ್ಳಲ್ಲವ್ವ," ಅಂದಳು. ಅಮ್ಮ ಬಿಟ್ಟ ಸಾಲಿನಿಂದಲೇ ಪದ ಎತ್ತಿಕೊಂಡಳು. ಗೌರಕ್ಕ ದನಿಗೂಡಿಸಿದಳು.

ಕಂಡಕ್ಟರು ತಿರುಗಿ ನೋಡಿದ. "ಸದ್ದು ಮಾಡ್ದೆ ಕುಂತ್ಕಳ್ರಮ್ಮ."

"ಅಲ್ಲೂ ನಿಲ್ಸು ಅಂದ್ರು, ಇಲ್ಲಿ ನೀನೂ ನಿಲ್ಸು ಅಂತೀಯಾ," ಅಂದಳು ಅಮ್ಮ. "ಟಿಕೀಟು ತಕೊಂಡು ಕುಂತಿವ್ನಿ. ಮದುಮಗ್ಳುನ್ನ ಒಳಿಕ್ಕೆ ಸೇರಿಸ್ಕೊಂಡೇ ನಾನು ಇಳಿಯಾದು."